ಬ್ಯಾಣ ಸಮ ಮಾಡಿಸೋ ಮುಂಚೆ

ಈ ಬೇಸಿಗೆಯಲ್ಲೂ ನಮ್ಮ ಸುತ್ತಮುತ್ತ ಜೆಸಿಬಿ ಸದ್ದು ನಿಂತಿಲ್ಲ. "ಬರೀ ಹುಲ್ಲು ಬೆಳೆಯೋ ಬ್ಯಾಣ ಇಟ್ಕೊಂಡು ಏನ್ ಮಾಡೋದು, ಅಡಿಕೆ ಹಾಕೋಣ" ಅನ್ನೋದೇ ಎಲ್ಲರ ಮಾತು. 6 ವರ್ಷದ ಹಿಂದೆ ನಾನೂ ಹೀಗೇ ಹೇಳಿ ಒಂದೆಕರೆ ಸಮ ಮಾಡಿಸಿದವನು. ಹಾಗಾಗಿ ಇದು ಉಪದೇಶ ಅಲ್ಲ, ಪೆಟ್ಟು ತಿಂದವನ ಮಾತು.

ಮೊನ್ನೆ ಮೂರು ಕಡೆಯಿಂದ ಒಣ ಹೆಂಟೆ ತಂದು ಮೂರು ಗಾಜಿನ ಲೋಟದ ನೀರಿಗೆ ಹಾಕಿದೆ. ಹೊಸ ತೋಟದ ಹೆಂಟೆ ನೋಡ್ತಾ ಇದ್ದ ಹಾಗೇ ಕರಗಿ ಕೆಸರಾಯ್ತು. ಸೊಪ್ಪಿನ ಬೆಟ್ಟದ್ದು ಸ್ವಲ್ಪ ಹೊತ್ತು ತಡೆದು ಒಡೀತು. ಉಳಿದಿರೋ ಬ್ಯಾಣದ್ದು ಸಂಜೆವರೆಗೂ ಗಟ್ಟಿಯಾಗೇ ಇತ್ತು. ಅದನ್ನು ಹಿಡಿದಿಟ್ಟಿದ್ದು ಹುಲ್ಲಿನ ಬೇರು, ಮತ್ತೆ ಆ ಬೇರು ಕೊಳೆತು ಉಳಿಸಿದ ಸಾವಯವ ಇಂಗಾಲ. ಮರ ತನ್ನ ಇಂಗಾಲದ ದೊಡ್ಡ ಪಾಲನ್ನು ಕಾಂಡದಲ್ಲಿ ಇಟ್ಕೊಳ್ತದೆ. ಹುಲ್ಲು ವರ್ಷ ವರ್ಷ ಮಣ್ಣೊಳಗೆ ಇಡ್ತದೆ. ನೆಲ ಅಗೆದು ಮಗುಚಿದರೆ ಗಾಳಿ ಆಡಿ, ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸ್ತವೆ. ಒಂದಷ್ಟು ಮಳೆನೀರಿನ ಜೊತೆ ಹಳ್ಳಕ್ಕೆ ಹೋಗ್ತದೆ.

ಲೆಕ್ಕ ನೋಡಿ. ಒಂದೆಕರೆಯ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 9 ಲಕ್ಷ ಕೆಜಿ. ಅದರಲ್ಲಿ ಇಂಗಾಲ ಶೇ. 0.1ರಷ್ಟು ಇಳಿದರೂ 900 ಕೆಜಿ ಹೋದ ಹಾಗೆ. ಹಾಕಿದ ಸೊಪ್ಪಿನ ಬಹುಪಾಲು ಕೊಳೆತು ಗಾಳಿಗೇ ಸೇರೋದರಿಂದ, ಇಷ್ಟನ್ನು ವಾಪಸ್ ತರೋಕೆ ಅದರ ಹಲವು ಪಟ್ಟು ಸೊಪ್ಪು, ದರಕು ಬೇಕು.

ಅದೆಲ್ಲ ಬರೋದು ಎಲ್ಲಿಂದ? ಬೆಟ್ಟದಿಂದ. ಬೆಟ್ಟ ಗುಡಿಸಿ ತಂದು ಹಾಕಿ, ತೋಟದಲ್ಲಿ ಇಂಗಾಲ ಹೆಚ್ಚಾಯ್ತು ಅಂತ ಖುಷಿಪಡ್ತೀವಿ. ಹೆಚ್ಚಾಗಲಿಲ್ಲ ಮಾರಾಯ್ರೇ, ಜಾಗ ಬದಲಾಯ್ತು ಅಷ್ಟೇ. ನನ್ನ ಬೆಟ್ಟದ ನೆಲ ಈಗ ಅಂಗಳದ ಹಾಗೆ ಬೋಳಾಗಿದೆ. ಒಂದು ಬ್ಯಾಣ ಕೆಡಿಸಿದ್ದಕ್ಕೆ ಬೆಟ್ಟವೂ ದಂಡ ಕಟ್ತಾ ಇದೆ.

ಅಡಿಕೆ ಬೇಡ ಅಂತ ಹೇಳೋಕೆ ನಾನ್ಯಾರು, ನಮ್ಮನೆ ನಡೆಯೋದೂ ಅದರಲ್ಲೇ. ಆದರೆ ಇರೋ ತೋಟಾನೇ ಸುಧಾರಿಸೋಣ. ಕಳೆ ಕೊಚ್ಚಿ ಅಲ್ಲೇ ಬಿಡಿ, ಕಳೆನಾಶಕ ಹೊಡೀಬೇಡಿ. ಸೋಗೆ, ಸಿಪ್ಪೆ ಸುಡಬೇಡಿ. ದರಕು ಒಂದು ವರ್ಷ ಬೆಟ್ಟದ ಅರ್ಧ ಭಾಗದಲ್ಲಿ, ಮುಂದಿನ ವರ್ಷ ಇನ್ನರ್ಧದಲ್ಲಿ ಗುಡಿಸಿ. ಬ್ಯಾಣ ಸಮ ಮಾಡಲೇಬೇಕು ಅಂದ್ರೆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಕೊನೆಗೆ ಅದನ್ನೇ ಮೇಲೆ ಹರಡಿಸಿ. ನಾನು ಅದನ್ನೂ ಮಾಡಿಸಲಿಲ್ಲ.

ಲೋಟದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಜೆಸಿಬಿಗೆ ಮುಂಗಡ ಕೊಡೋ ಮುಂಚೆ ಒಂದ್ಸಲ ಮಾಡಿ ನೋಡಿ, ಏನಾಯ್ತು ಅಂತ ಇಲ್ಲೇ ಕೆಳಗೆ ಬರೀರಿ.