ಬಿಸಿ ಹಬ್ಬು, ತಣ್ಣನೆಯ ಹೊಳೆ

ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪೊಂದರ ಚಾಲಕ ನನ್ನ ಹಳೆಯ ವಿದ್ಯಾರ್ಥಿ. ಮೊನ್ನೆ ಸಂಜೆ ಮನೆಗೆ ಬಂದವನ ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಬೇರಿಂಗು. ಇಳಿಜಾರಿನಲ್ಲಿ ಎಡ ಮುಂಚಕ್ರದಿಂದ ಸುಟ್ಟ ವಾಸನೆ ಬಂತಂತೆ. ಗಾಡಿಯಲ್ಲಿ ಆರು ಜನ, ಅವರಲ್ಲೊಂದು ಕೂಸು. "ಇನ್ನೆರಡು ತಿರುವು ಹೋಗಿದ್ರೆ ಚಕ್ರವೇ ಕಳಚ್ತಿತ್ತೋ ಏನೋ ಸಾರ್. ಈಗ ಹೇಗೂ ಬಿಚ್ಚಿಯಾಯ್ತು. ಹೊಸ ಹಬ್ಬು, ಅಗಲದ ಟಯರು ಎಲ್ಲಾ ಹಾಕಿಸಿಬಿಡ್ಲಾ?" ಎಂದು ಕೇಳಿದ.

ಬೇರಿಂಗಿಗೆ ಮೆತ್ತಿದ್ದ ಗ್ರೀಸು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ನೀರು ಸೇರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಘಟ್ಟ ಇಳಿದು ಬಂದ ಗಾಡಿಯ ಹಬ್ಬು ಬ್ರೇಕಿನ ಶಾಖಕ್ಕೆ ಕಾದಿರುತ್ತದೆ. ಅದೇ ಬಿಸಿಯಲ್ಲಿ ಹೊಳೆಗೆ ಇಳಿಸಿದರೆ ಒಳಗಿನ ಗಾಳಿ ತಟಕ್ಕನೆ ತಣಿದು ಕುಗ್ಗುತ್ತದೆ. ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಅನಿಲ ತಣ್ಣಗಾದರೆ ಕುಗ್ಗುತ್ತದೆಂದು ಇವನಿಗೆ ಪಾಠ ಹೇಳಿದವನು ನಾನೇ. ಆಗ ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದನೆಂದು ಕಾಣುತ್ತದೆ.

ನಮ್ಮ ಕಾಫಿ ತೋಟಗಳಿಗೆ ಜೀಪು ಹೊಸದಲ್ಲ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಆ ವಂಶದ ಗಾಡಿಗಳ ಪ್ರತಿ ಮುಂಚಕ್ರದಲ್ಲೂ ಓರೆ ಉರುಳೆಗಳ ಎರಡು ಬೇರಿಂಗುಗಳು ಎದುರುಬದುರಾಗಿ ಕೂತಿರುತ್ತವೆ. ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಉರುಳೆ ಓರೆಯಾಗಿರುವುದರಿಂದ ಮೇಲಿನ ಭಾರದ ಜತೆಗೆ ತಿರುವಿನಲ್ಲಿ ಪಕ್ಕದಿಂದ ಬರುವ ನೂಕನ್ನೂ ತಡೆಯುತ್ತದೆ. ಕೊಡಗಿನಲ್ಲಿ ತಿರುವಿಗೇನು ಬರವೇ!

ಅಗಲದ ಟಯರಿನ ಆಸೆ ಇಲ್ಲಿಯೇ ಎಡವುತ್ತದೆ. ಲೆಕ್ಕಕ್ಕೆಂದು ಎರಡು ಬೇರಿಂಗುಗಳ ನಡುವೆ 6 ಸೆಂಟಿಮೀಟರ್ ಅಂತರ, ಚಕ್ರದ ಮೇಲೆ 300 ಕಿಲೋ ಭಾರ ಎನ್ನಿ. ಭಾರದ ಗೆರೆ ಒಳಬೇರಿಂಗಿನಿಂದ 2 ಸೆಂಟಿಮೀಟರ್ ದೂರದಲ್ಲಿದ್ದರೆ ಒಳಗಿನದಕ್ಕೆ 200, ಹೊರಗಿನದಕ್ಕೆ 100 ಕಿಲೋ. ಸ್ಪೇಸರ್ ಕೊಟ್ಟೋ, ಹೊರಚಾಚಿದ ರಿಮ್ ಹಾಕಿಯೋ ಚಕ್ರವನ್ನು ಬರಿಯ 2 ಸೆಂಟಿಮೀಟರ್ ಹೊರಗೆ ತಂದಿರೋ, ಹೊರಬೇರಿಂಗಿನ ಪಾಲು 200ಕ್ಕೆ ಏರುತ್ತದೆ. ಉರುಳೆ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಆಯುಸ್ಸು ಅರ್ಧಕ್ಕಲ್ಲ, ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗನ ಮುಖ ಸಪ್ಪಗಾಯಿತು.

ಹಬ್ಬಿನ ಮಾತು ಬೇರೆ. 1948ರಲ್ಲಿ ಅಮೆರಿಕದ ವಾರ್ನ್ ಕಂಪನಿ ಯುದ್ಧದಿಂದ ಮಿಕ್ಕ ಜೀಪುಗಳಿಗಾಗಿ ಲಾಕಿಂಗ್ ಹಬ್ಬು ತಯಾರಿಸಿತು. ಟಾರು ರಸ್ತೆಯಲ್ಲಿ ಅದನ್ನು ಬಿಡಿಸಿಟ್ಟರೆ ಮುಂದಿನ ಶಾಫ್ಟುಗಳು ಸುಮ್ಮನೆ ತಿರುಗುವುದಿಲ್ಲ. ಸವೆತ ಕಡಿಮೆ, ಡೀಸೆಲು ಒಂದಿಷ್ಟು ಉಳಿತಾಯ. ಆದರೆ ಕೆಸರು ಬಂದಾಗ ಮಳೆಯಲ್ಲಿ ಇಳಿದು ಎರಡೂ ಕಡೆ ತಿರುಗಿಸಬೇಕು. ಮಳೆಗಾಲವಿಡೀ ತೋಟದಲ್ಲೇ ಓಡುವ ಗಾಡಿಗೆ ಸಾದಾ ಫ್ಲೇಂಜೇ ವಾಸಿ ಎಂಬುದು ನನ್ನ ಅಭಿಪ್ರಾಯ. ಇವನದು ಮಡಿಕೇರಿಯವರೆಗೆ ಟಾರು, ಆಮೇಲೆ ಕಲ್ಲು. ಲಾಕಿಂಗ್ ಹಬ್ಬು ಇವನಿಗೆ ಸರಿ. ಕೊಳ್ಳುವ ಮುನ್ನ ಶಾಫ್ಟಿನ ಹಲ್ಲುಗಳನ್ನೂ ಬೋಲ್ಟುಗಳನ್ನೂ ಎಣಿಸಲಿ. ಅತಿ ಗಟ್ಟಿಯಾದ ಹಬ್ಬನ್ನೂ ಹುಡುಕಬೇಕಾಗಿಲ್ಲ. ಹಬ್ಬು ಮುರಿದರೆ ರಸ್ತೆಯಲ್ಲೇ ಬದಲಿಸಬಹುದು, ಅದು ಗಟ್ಟಿಯಾಗಿ ಶಾಫ್ಟು ಮುರಿದರೆ ಗಾಡಿ ಎಳೆಸಬೇಕು.

ಬೇರಿಂಗು ಮಾತ್ರ ಅದೇ ಅಳತೆಯದು, ಒಳ್ಳೆಯ ತಯಾರಿಕೆಯದು, ಗುರುತಿರುವ ಅಂಗಡಿಯಿಂದ, ಬಿಲ್ಲಿನೊಡನೆ. ಹೊರಗಿನ ಬಳೆಯನ್ನು ಹಳೆಯದೇ ಬಿಟ್ಟು ಉರುಳೆ ಮಾತ್ರ ಬದಲಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಸೀಲು ಪ್ರತಿ ಸಲವೂ ಹೊಸದು. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿಮಾಡಿ, ಹಿಡಿದುಕೊಂಡಾಗ ಕೈಪಿಡಿ ಹೇಳುವಷ್ಟು ಸಡಿಲಿಸಬೇಕು. ಹಳೆಯ ಜೀಪುಗಳಲ್ಲಿ ಇದು ಸುಮಾರು ಆರನೇ ಒಂದು ಸುತ್ತು. "ಗಟ್ಟಿ ಇರ್ಲಿ ಅಂತ ಮೆಕ್ಯಾನಿಕ್ಕು ಪೈಪ್ ಹಾಕಿ ಬಿಗಿದಿದ್ದ ಸಾರ್" ಎಂದಾಗ ಸುಟ್ಟ ವಾಸನೆಯ ಉಳಿದರ್ಧವೂ ಅರ್ಥವಾಯಿತು.

ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ, ಯಾರಿಗಾದರೂ ಬ್ರೇಕು ಒತ್ತಲು ಹೇಳಿ. ಅಲುಗಾಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಹೊಳೆ ದಾಟುವ ಮುನ್ನ ಹಬ್ಬಿನ ಹತ್ತಿರ ಅಂಗೈ ಒಡ್ಡಿ ನೋಡಿ, ಬಿಸಿಯಿದ್ದರೆ ಕಾಲು ಗಂಟೆ ಕಾಯಿರಿ. ಪ್ರವಾಸಿಗರು ಅಷ್ಟು ಹೊತ್ತು ಫೋಟೋ ತೆಗೆದುಕೊಳ್ಳಲಿ.

ಅವನು ಎರಡೂ ಕಡೆಗೆ ಬೇರಿಂಗು, ಸೀಲು ಹಾಕಿಸಿದ್ದಾನೆ. ಟಯರಿನ ಮಾತು ಎತ್ತಿಲ್ಲ. ಬಿಟ್ಟುಹೋದ ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದೇನೆ, ಎಂಟನೆಯ ತರಗತಿಯ ಘರ್ಷಣೆಯ ಪಾಠಕ್ಕೆ.