ಮನೆಯ ಮಾತು: ಕ್ರಿಸ್‌ಮಸ್ ಬಿಡುವಿನಲ್ಲಿ ನೋಡತಕ್ಕ ಚಿತ್ರಗಳು

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ಕೋಲಾರದ ಸೀಮೆಯಲ್ಲಿ ಎರಡು ತಪ್ಪದೆ ಮನೆಗೆ ಬರುತ್ತವೆ. ಒಂದು ಸೊಗಡಿನ ಅವರೆಕಾಯಿ. ಇನ್ನೊಂದು ಮಕ್ಕಳಿಗೆ ಕ್ರಿಸ್‌ಮಸ್ಸಿನ ಬಿಡುವು. ಅವರೆಕಾಯಿಯನ್ನು ಸುಲಿಯುವುದಕ್ಕೆ ಇಂದಿಗೂ ಮನೆಮಂದಿಯೆಲ್ಲ ಮೊರದ ಸುತ್ತಲೂ ಕೂಡುವುದುಂಟು. ಬಿಡುವನ್ನು ಕಳೆಯುವುದಕ್ಕೆ ಮಾತ್ರ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ತಮ್ಮ ತಮ್ಮ ಮೊಬೈಲನ್ನು ಹಿಡಿದು ಕೂಡುವುದು ಈಚಿನ ರೂಢಿ. ಈ ಎರಡನ್ನೂ ಕೂಡಿಸಿ, ಕೈಗೆ ಅವರೆಕಾಯಿಯ ಕೆಲಸವನ್ನೂ ಕಣ್ಣಿಗೆ ಒಂದೇ ಚಿತ್ರವನ್ನೂ ಕೊಟ್ಟು ಎಲ್ಲರೂ ಒಂದು ಸಂಜೆ ಒಟ್ಟಿಗೆ ಕುಳಿತರೆ ಎಷ್ಟು ಚೆನ್ನ! ಆ ಚಿತ್ರ ಯಾವುದಾಗಿರಬೇಕು ಎಂಬುದೇ ಈ ತಿಂಗಳ ನಮ್ಮ ಮಾತು.

ಕ್ರಿಸ್‌ಮಸ್ ಚಿತ್ರವೆಂದರೆ ಹಿಮ ಸುರಿಯಬೇಕು, ದೀಪ ಕಟ್ಟಿದ ಮರವಿರಬೇಕು, ಕೆಂಪು ನಿಲುವಂಗಿಯ ಬಿಳಿ ಗಡ್ಡದ ಮುದುಕ ಬರಬೇಕು ಎಂಬುದು ಸಾಮಾನ್ಯವಾದ ಎಣಿಕೆ. ಮಾಲೂರಿನಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ಹಿಮ ಸುರಿದುದನ್ನು ಕಂಡವರಿಲ್ಲ. ಆದರೆ ಹಬ್ಬವೇನೋ ನಮ್ಮ ಸೀಮೆಗೆ ಹೊಸದಲ್ಲ. ಚಿನ್ನದ ಗಣಿಯ ಊರುಗಳಲ್ಲಿ ಆಂಗ್ಲರೂ, ತಮಿಳು ಸೀಮೆಯಿಂದ ಬಂದ ಕೂಲಿಯ ಸಂಸಾರದವರೂ ಇದನ್ನು ಆಚರಿಸುತ್ತ ಬಂದು ನೂರು ವರ್ಷಕ್ಕೆ ಮೇಲಾಯಿತು. ಕೋಲಾರದ ಪೇಟೆಯಲ್ಲಿಯೂ ಮೆಥಡಿಸ್ಟ್ ಮಿಷನ್ನಿನವರು ಸ್ಥಾಪಿಸಿದ ಆಸ್ಪತ್ರೆಯುಂಟು. ಅಲ್ಲಿ ಹುಟ್ಟಿದ ಮಕ್ಕಳು ಎಲ್ಲ ಜಾತಿಮತಗಳ ಮನೆಗಳಲ್ಲಿಯೂ ಇರುವರು. ಹೀಗೆ ಹಬ್ಬ ನೆರೆಮನೆಯದು. ಹಿಮ ಮಾತ್ರ ಪರದೇಶದ್ದು.

ಹಾಗೆ ನೋಡಿದರೆ ಯಾವ ಚಿತ್ರ ಹಬ್ಬದ ಚಿತ್ರವಾಗಬೇಕೆಂಬುದನ್ನು ತೀರ್ಮಾನಿಸುವವರು ಅದನ್ನು ತೆಗೆದವರಲ್ಲ, ನೋಡುವ ಮನೆಯವರು. ಫ್ರಾಂಕ್ ಕಾಪ್ರಾ ಎಂಬ ನಿರ್ದೇಶಕರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ತೆರೆಕಂಡಾಗ ಹಾಕಿದ ಬಂಡವಾಳವೂ ಮರಳಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸುವುದು ತಪ್ಪಿಹೋಗಿ, ಅಮೆರಿಕದ ದೂರದರ್ಶನ ಕೇಂದ್ರಗಳವರು ಅದನ್ನು ವರ್ಷವರ್ಷವೂ ಡಿಸೆಂಬರಿನಲ್ಲಿ ಪುಕ್ಕಟೆಯಾಗಿ ತೋರಿಸತೊಡಗಿದರು. ಮನೆಮನೆಯವರೂ ನೋಡಿ ನೋಡಿ ಅದು ಅಲ್ಲಿಯ ಕ್ರಿಸ್‌ಮಸ್ಸಿನ ಮುಖ್ಯ ಚಿತ್ರವೇ ಆಗಿಹೋಯಿತು. 1988ರ ‘ಡೈ ಹಾರ್ಡ್’ ಎಂಬುದು ಗುಂಡು ಮದ್ದಿನ ಕಥೆ. ತೆರೆಕಂಡುದು ಜುಲೈ ತಿಂಗಳಲ್ಲಿ. ಕಥೆ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ನಡೆಯುವುದೆಂಬ ಒಂದೇ ಕಾರಣದಿಂದ, ಅದು ಹಬ್ಬದ ಚಿತ್ರವೇ ಅಲ್ಲವೇ ಎಂದು ಜನ ಇಂದಿಗೂ ವಾದಿಸುತ್ತಿರುವರು. ಹೀಗಿರಲು ನಮ್ಮ ಮನೆಯ ಹಬ್ಬದ ಚಿತ್ರವನ್ನು ನಾವೇ ಆರಿಸಿಕೊಳ್ಳುವುದಕ್ಕೆ ಅಡ್ಡಿಯೇನು?

ಆರಿಸುವುದಕ್ಕೆ ಒಂದು ಒರೆಗಲ್ಲು ಬೇಕಷ್ಟೆ. ಅದನ್ನು ಕ್ರಿಸ್ತಜನನದ ಕಥೆಯಿಂದಲೇ ತೆಗೆದುಕೊಳ್ಳೋಣ. ತುಂಬಿದ ಬಸುರಿಯೊಬ್ಬಳು ಗಂಡನೊಡನೆ ದೂರದ ಊರಿಗೆ ಬಂದಳು. ಛತ್ರದಲ್ಲಿ ಸ್ಥಳವಿರಲಿಲ್ಲ. ಹೆತ್ತ ಮಗುವನ್ನು ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದಳು. ನಂಬಿಕೆ ಯಾವುದಾದರೂ ಇರಲಿ, ಈ ಕಥೆ ಪ್ರತಿಯೊಬ್ಬ ಗೃಹಸ್ಥನನ್ನೂ ಒಂದು ಮಾತು ಕೇಳುತ್ತದೆ: ಬಾಗಿಲಿಗೆ ಬಂದವರಿಗೆ ನಿನ್ನಲ್ಲಿ ಸ್ಥಳವುಂಟೆ? ಇದೇ ಮಾತನ್ನು ಕೇಳುವ ಚಿತ್ರ ಯಾವುದೋ ಅದೇ ಕ್ರಿಸ್‌ಮಸ್ಸಿಗೆ ತಕ್ಕ ಚಿತ್ರ. ಅಂಥವು ಕನ್ನಡದಲ್ಲಿಯೇ ಬೇಕಾದಷ್ಟಿವೆ.

ಮೊದಲನೆಯದಾಗಿ ‘ದ್ವೀಪ’ವನ್ನು ಹೇಳುವೆವು. ಇದು 2002ರಲ್ಲಿ ತೆರೆಕಂಡಿತು. ನಿರ್ದೇಶಕರು ಗಿರೀಶ ಕಾಸರವಳ್ಳಿಯವರು. ಮೂಲ ಕಾದಂಬರಿ ಸಾಗರದ ನಾ. ಡಿಸೋಜರದು. ಚಿತ್ರವನ್ನು ನಿರ್ಮಿಸಿ ನಾಯಕಿಯಾಗಿ ಅಭಿನಯಿಸಿದವರು ನಮ್ಮ ಮುಳಬಾಗಿಲು ಸೀಮೆಯ ಮಗಳು ಸೌಂದರ್ಯ. ದೇಶದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಇದಕ್ಕೆ ಸಂದಿತು. 2004ರಲ್ಲಿ ವಿಮಾನದ ಅಪಘಾತದಲ್ಲಿ ಆಕೆ ಅಕಾಲದಲ್ಲಿ ತೀರಿಕೊಂಡುದು ಎಲ್ಲರೂ ಬಲ್ಲ ದುಃಖ. ಅಣೆಕಟ್ಟಿನ ನೀರು ಏರುತ್ತಿದ್ದಂತೆ ಊರವರೆಲ್ಲ ಬಿಟ್ಟುಹೋದರೂ ನೆಲವನ್ನು ಬಿಡಲಾರದ ಒಂದು ಸಂಸಾರದ ಕಥೆ ಇದು. ಮಳೆ ಬಿಡದೆ ಸುರಿಯುತ್ತದೆ. ಸೊಸೆ ನಾಗಿಯ ದುಡಿಮೆಯಿಂದ ಮನೆ ಉಳಿಯುತ್ತದೆ. ಗಂಡನಾದರೋ ಎಲ್ಲವೂ ದೈವದ ಕೃಪೆಯೆಂದುಬಿಡುತ್ತಾನೆ. ನಮ್ಮ ಗೃಹಿಣಿಯರು ಆ ಘಟ್ಟದಲ್ಲಿ ಗಂಡಂದಿರ ಮುಖವನ್ನು ಒಮ್ಮೆ ನೋಡಿದರೆ ತಪ್ಪೇನಿಲ್ಲ.

ಈ ಚಿತ್ರ ಕೋಲಾರದವರಿಗೆ ವಿಶೇಷವಾಗಿ ತಟ್ಟತಕ್ಕದ್ದು. ನಮ್ಮದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ. ಬೆಂಗಳೂರಿನ ಬಚ್ಚಲು ನೀರನ್ನು ಶುದ್ಧಿಮಾಡಿ 2018ರಿಂದ ನಮ್ಮ ಕೆರೆಗಳಿಗೆ ತುಂಬುತ್ತಿರುವರು. ನೀರಿಲ್ಲದೆ ಬಳಲುವ ನಾವು ನೀರಿನಲ್ಲಿ ಮುಳುಗಿದವರ ಕಥೆಯನ್ನು ಏತಕ್ಕೆ ನೋಡಬೇಕು? ಏತಕ್ಕೆಂದರೆ, ಡಿಸೋಜರ ಕಥೆಗೆ ಹಿನ್ನೆಲೆಯಾದುದು ಶರಾವತಿ ಕಣಿವೆಯ ಮುಳುಗಡೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ಮನೆಮನೆಗೂ ಹರಿಯಿತು. ನಾವು ಯಾವ ಬೆಳಕಿನಲ್ಲಿ ಚಿತ್ರವನ್ನು ನೋಡುತ್ತಿರುವೆವೋ ಆ ಬೆಳಕಿಗಾಗಿ ಯಾರೋ ಮನೆ ಬಿಟ್ಟು ಹೋದರು. ಈ ಋಣವನ್ನು ಮಕ್ಕಳಿಗೆ ತಿಳಿಸಲು ಹಬ್ಬದ ರಾತ್ರಿಗಿಂತ ತಕ್ಕ ಸಮಯ ಯಾವುದು?

‘ದ್ವೀಪ’ದಲ್ಲಿ ಮುದುಕ ದುಗ್ಗಜ್ಜನಾಗಿ ಕಾಣುವವರು ಎಂ. ವಿ. ವಾಸುದೇವರಾಯರು. ಅವರ ಹೆಸರನ್ನು ಮೊದಲು ದೇಶಕ್ಕೆಲ್ಲ ತಿಳಿಸಿದುದು 1975ರ ‘ಚೋಮನ ದುಡಿ’. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ಬಿ. ವಿ. ಕಾರಂತರು ಚಿತ್ರವಾಗಿಸಿದರು. ಇದಕ್ಕೂ ಸ್ವರ್ಣಕಮಲ, ವಾಸುದೇವರಾಯರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ. ಹೊಲೆಯನಾದ ಚೋಮನಿಗೆ ಒಂದೇ ಆಸೆ, ಬೇಸಾಯಕ್ಕೊಂದು ತುಂಡು ನೆಲ. ಒಡೆಯರು ಕೊಡಲೊಲ್ಲರು. ಕ್ರೈಸ್ತನಾದರೆ ನೆಲ ದೊರಕೀತೆಂಬ ಆಸೆ ಹುಟ್ಟಿದರೂ ತನ್ನ ದೈವವನ್ನು ಬಿಡಲು ಅವನಿಗೆ ಮನಸ್ಸು ಬಾರದು. ಕ್ರಿಸ್‌ಮಸ್ಸಿನ ದಿನ ಇದನ್ನು ನೋಡುವುದು ಹೇಗೆಂದು ಕೆಲವರು ಹುಬ್ಬೇರಿಸಬಹುದು. ನಮಗಾದರೋ ಇದೇ ಸರಿಯಾದ ದಿನವೆಂದು ತೋರುತ್ತದೆ. ನೆಲದ ಆಸೆ ತೋರಿಸಿ ಮನಸ್ಸನ್ನು ಕೇಳುವುದೂ ಸಲ್ಲದು. ಜಾತಿಯ ನೆವ ಹೇಳಿ ನೆಲವನ್ನು ಕೊಡದಿರುವುದೂ ಸಲ್ಲದು. ಕಥೆ ಎರಡು ಕಡೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಮೂರನೆಯದು 2008ರ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆ, ಇದೂ ಕಾಸರವಳ್ಳಿಯವರದೇ. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿಯೆಂಬ ಮುಸಲ್ಮಾನ ಸೂಲಗಿತ್ತಿ. ಹೆರಿಗೆ ಮಾಡಿಸಿದುದಕ್ಕೆ ಪ್ರತಿಫಲವಾಗಿ ಅವಳಿಗೊಂದು ಟೆಲಿವಿಷನ್ ದೊರೆಯುತ್ತದೆ. ಊರಿನ ಹೆಂಗಸರೆಲ್ಲ ಅವಳ ಗುಡಿಸಲಿನಲ್ಲಿ ಕೂಡಿ ನೋಡುವರು, ನಗುವರು, ತಮ್ಮ ಕಷ್ಟಸುಖಗಳನ್ನು ಹೇಳಿಕೊಳ್ಳುವರು. ಕಾರ್ಗಿಲ್ ಯುದ್ಧದ ಕಾಲದಲ್ಲಿ ಊರಿಗೆ ಸಂಶಯದ ಗಾಳಿ ಬೀಸಿ, ಎಲ್ಲರ ಮಕ್ಕಳನ್ನೂ ಭೂಮಿಗೆ ತಂದ ಕೈಗೆ ಆ ಊರಿನಲ್ಲಿ ಸ್ಥಳವಿಲ್ಲದಂತಾಗುತ್ತದೆ. ಗುಲಾಬಿಯಾಗಿ ಉಮಾಶ್ರೀಯವರು ರಾಷ್ಟ್ರಪ್ರಶಸ್ತಿ ಪಡೆದರು. ಒಟ್ಟಿಗೆ ಕುಳಿತು ಚಿತ್ರ ನೋಡುವುದೆಂದರೆ ಏನೆಂಬುದನ್ನು ಇಷ್ಟು ಚೆನ್ನಾಗಿ ತಿಳಿಸುವ ಚಿತ್ರ ಇನ್ನೊಂದಿಲ್ಲ.

ಹಳೆಯ ಹಾಡುಗಳಿಲ್ಲದೆ ಹಿರಿಯರಿಗೆ ಸೊಗಸದಷ್ಟೆ; ಅವರಿಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಇರಲಿ. ಅದು ಬೆಳಕಿಗೆ ಬಂದುದೂ 1972ರ ಡಿಸೆಂಬರ್ ಕೊನೆಯಲ್ಲಿಯೇ. ರಾಮಾಚಾರಿಗೂ ಕ್ರೈಸ್ತ ಹುಡುಗಿ ಮಾರ್ಗರೆಟ್ಟಳಿಗೂ ಚಿತ್ರದುರ್ಗದ ಕೋಟೆಯಷ್ಟು ವಿಸ್ತಾರದಲ್ಲಿ ನಿಲ್ಲುವ ಸ್ಥಳ ದೊರೆಯಲಿಲ್ಲ. ಕೊನೆ ಘೋರವಾದುದು, ಬೆಳೆದ ಮಕ್ಕಳೊಡನೆ ಕುಳಿತು ನೋಡಿ, ಮುಗಿದ ಮೇಲೆ ದೀಪ ಹಾಕಿ ನಾಲ್ಕು ಮಾತನ್ನಾಡದೆ ಮಲಗಬಾರದು.

ಮನೆಯ ಹುಡುಗರು ಮಾತ್ರ ಇವಾವುವೂ ಬೇಡ, ‘ಕೆ.ಜಿ.ಎಫ್.’ ಬೇಕೆಂದು ಹಟ ಹಿಡಿಯಬಹುದು. 2018ರ ಡಿಸೆಂಬರ್ 21ರಂದು, ಕ್ರಿಸ್‌ಮಸ್ ವಾರದಲ್ಲಿಯೇ ತೆರೆಕಂಡ ಚಿತ್ರವದು. ನಮ್ಮ ಗಣಿಯ ಸಯನೈಡ್ ದಿಬ್ಬಗಳಲ್ಲಿಯೇ ಬಹುಭಾಗ ತೆಗೆದದ್ದು. ಹೊಡೆದಾಟ ಬಹಳ, ಚಿಕ್ಕವರಿಗೆ ಸಲ್ಲದು. ದೊಡ್ಡ ಹುಡುಗರು ನೋಡುವುದಾದರೆ ನೋಡಲಿ; ಆದರೆ ನಿಜವಾದ ಗಣಿಯಲ್ಲಿ ದುಡಿದವರು ಯಾರಾದರೂ ಪರಿಚಿತರಿದ್ದರೆ ಅವರನ್ನೂ ಕರೆಯಿರಿ. ಜಾನ್ ಟೇಲರ್ ಕಂಪನಿಯವರು 1880ರ ದಶಕದಲ್ಲಿ ಆರಂಭಿಸಿದ ಕೆಲಸ 2001ರ ಫೆಬ್ರವರಿ 28ರಂದು ನಿಂತುಹೋಯಿತು. ಅಂದು ಕೆಲಸ ಕಳೆದುಕೊಂಡವರ ಬಾಯಿಂದ ಬರುವ ಕಥೆಯಲ್ಲಿ ಬಂದೂಕಿಲ್ಲ. ಆಳದ ಕತ್ತಲೆಯೂ ಸೆಕೆಯೂ ಸಂಬಳದ ದಿನದ ಸಂತೋಷವೂ ಇವೆ. ತೆರೆಯ ಮೇಲಿನ ಕಥೆ ಕಲ್ಪಿತವೆಂಬುದನ್ನು ಹುಡುಗರು ತಾವೇ ಅರಿತುಕೊಳ್ಳುವರು.

ಇನ್ನು ಕೊನೆಯದಾಗಿ ಒಂದು ಮಾತು. ಹಬ್ಬದ ಮನೆಯವರು ನೆರೆಯಲ್ಲಿದ್ದರೆ ಅವರು ಪ್ರಾರ್ಥನೆ ಮುಗಿಸಿ ಬಂದ ಮೇಲೆ, ಸಂಜೆ ಚಿತ್ರ ನೋಡಲು ನಿಮ್ಮಲ್ಲಿಗೆ ಆಹ್ವಾನಿಸಿರಿ. ಅವರು ಕೇಕು ತಂದಾರು. ನಿಮ್ಮ ಒಲೆಯ ಮೇಲೆ ಹಿದುಕಿದ ಬೇಳೆಯ ಸಾರು ಕುದಿಯುತ್ತಿರಲಿ. ಚಾಪೆ ಚಿಕ್ಕದಾದರೆ ಇನ್ನೊಂದನ್ನು ಹಾಸಿದರಾಯಿತು.