ಹೆಸರನ್ನೂ ಬಿಟ್ಟು ಹೋದವರ ಮಾತು ನಡೆಯಲಿ

ಗಲಗಲಿಯ ಕೃಷ್ಣೆಯ ದಂಡೆಗೆ 200 ಎಕರೆ ಕಬ್ಬಿನ ಹೊಲ ಇದ್ದವನನ್ನು ಊರು ಸಾವ್ಕಾರ ಎಂದೇ ಕರೆಯುತ್ತದೆ. ಸುಮಾರು 1,750 ವರ್ಷಗಳ ಹಿಂದೆ ಈಜಿಪ್ಟಿನ ಕೋಮಾ ಎಂಬ ಹಳ್ಳಿಯಲ್ಲಿ ಅಷ್ಟೇ ಫಲವತ್ತಾದ, ಅಷ್ಟೇ ವಿಸ್ತಾರವಾದ ಭೂಮಿ ಅಂತೋಣಿ ಎಂಬ ತರುಣನ ಪಾಲಿಗೆ ಬಂತು. ತಂದೆ ತಾಯಿ ತೀರಿಕೊಂಡಿದ್ದರು, ಸಾಕಬೇಕಾದ ತಂಗಿಯೊಬ್ಬಳಿದ್ದಳು. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತು ಒಂದು ದಿನ ಚರ್ಚಿನಲ್ಲಿ ಅವನ ಕಿವಿಗೆ ಬಿತ್ತು. ಹೊಲವನ್ನು ಊರವರಿಗೆ ಬಿಟ್ಟುಕೊಟ್ಟ, ಮನೆಯ ಸಾಮಾನು ಮಾರಿ ಬಂದ ಹಣ ಹಂಚಿದ. ತಂಗಿಗೆಂದು ತೆಗೆದಿಟ್ಟಿದ್ದ ಅಲ್ಪಸ್ವಲ್ಪವೂ ಆಮೇಲೆ ಬಡವರಿಗೇ ಹೋಯಿತು. ಅವಳನ್ನು ನಂಬಿಕಸ್ಥ ಕನ್ಯೆಯರ ಬಳಿ ಬಿಟ್ಟು ತಾನು ಮರುಭೂಮಿಯ ಹಾದಿ ಹಿಡಿದ. ಆ ತಂಗಿಯ ಮನಸ್ಸನ್ನು ಯಾರಾದರೂ ಕೇಳಿದ್ದರೇ? ಅವನ ಚರಿತ್ರೆ ಬರೆದ ಬಿಷಪ್ ಅಥನೇಸಿಯಸ್ ಅದನ್ನು ಹೇಳುವುದಿಲ್ಲ.

ಕನ್ನಡನಾಡಿನ ಚರ್ಚುಗಳಲ್ಲಿ ಬಾಲಯೇಸುವನ್ನು ಎತ್ತಿಕೊಂಡು ನಿಂತ ಅಂತೋಣಿ ಬೇರೆ, ಅವರು ಪದುವಾದವರು. ಈ ಅಂತೋಣಿ ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದಿನವರು. ಬುಟ್ಟಿ ಹೆಣೆದು ಬದುಕಿದವರು, ಬಂದವರಿಗೆ ಇರಲೆಂದು ಬೆಟ್ಟದ ಬುಡದಲ್ಲಿ ತಾವೇ ಕಾಯಿಪಲ್ಲೆ ಬೆಳೆದವರು.

ವಿಜಯಪುರ, ಬಾಗಲಕೋಟೆಯ ಜನರಿಗೆ ಇಂಥ ಬದುಕು ಪುಸ್ತಕದ ಸಂಗತಿಯಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕಾವಿಯಲ್ಲ, ಬಿಳಿ ಬಟ್ಟೆ. ಅಂಗಿಗೆ ಕಿಸೆಯೇ ಇರಲಿಲ್ಲ. ನಸುಕಿನ ಪ್ರವಚನಕ್ಕೆ ಸಾವಿರಾರು ಜನ ಚಳಿಯಲ್ಲಿ ಬಂದು ಕೂಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಪ್ರಧಾನಿಗೆ ಪತ್ರ ಬರೆದು ವಿನಯದಿಂದ ಬೇಡವೆಂದರು.

ಹಣ ಬಿಡುವುದು ಕಷ್ಟ, ನಿಜ. ಆದರೆ ಹಣ ಬಿಟ್ಟವರ ಹೆಸರಿಗೆ ಬೆಲೆ ಏರುತ್ತದೆ, ಆ ಬೆಲೆಯನ್ನು ಬಿಡುವುದು ಇನ್ನೂ ಕಷ್ಟ. ಇಬ್ಬರೂ ಅದನ್ನು ಬಿಟ್ಟರು. 356ರಲ್ಲಿ ತೀರಿಕೊಳ್ಳುವ ಮುನ್ನ ಅಂತೋಣಿ ಇಬ್ಬರು ಶಿಷ್ಯರನ್ನು ಕರೆದು, ಯಾರಿಗೂ ತಿಳಿಯದ ಜಾಗದಲ್ಲಿ ತನ್ನನ್ನು ಹೂಳಿರೆಂದು ಹೇಳಿದರು. ಆಸ್ತಿ ಎಂದು ಇದ್ದದ್ದು ಎರಡು ಕುರಿದೊಗಲು, ಒಂದು ಮೇಲುಹೊದಿಕೆ, ಒಂದು ಕೂದಲಿನ ಅಂಗಿ. ಸಿದ್ಧೇಶ್ವರ ಶ್ರೀಗಳು 2014ರಲ್ಲೇ ಅಂತಿಮ ಅಭಿವಂದನ ಪತ್ರ ಬರೆದಿಟ್ಟಿದ್ದರು: ದೇಹವನ್ನು ಹೂಳಬಾರದು, ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ. ಗದ್ದುಗೆಯ ಸುತ್ತ ಮಠ ಬೆಳೆಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿ 2ರಂದು ಅವರು ತೀರಿಕೊಂಡರು, ಮರುದಿನ ದಹನ ನಡೆಯಿತು. ಬೂದಿ ಕೂಡಲಸಂಗಮದ ನೀರಿಗೂ ಗೋಕರ್ಣದ ಕಡಲಿಗೂ ಸೇರಿತು.

ಅಂತೋಣಿಯ ಇಚ್ಛೆಗೆ ಆಮೇಲೆ ಏನಾಯಿತು ನೋಡಿ. ಅವರ ಸಮಾಧಿ 561ರಲ್ಲಿ ಸಿಕ್ಕಿತೆಂದು ಸುದ್ದಿಯಾಯಿತು. ಎಲುಬುಗಳನ್ನು ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಕಾನ್‌ಸ್ಟಾಂಟಿನೋಪಲ್‌ಗೆ, 11ನೇ ಶತಮಾನದಲ್ಲಿ ಫ್ರಾನ್ಸಿಗೆ ಒಯ್ದರೆಂದು ಸಂಪ್ರದಾಯ ಹೇಳುತ್ತದೆ. ಭಕ್ತಿಯಿಂದಲೇ ಭಕ್ತರು ಗುರುವಿನ ಕೊನೆಯ ಮಾತು ಮೀರಿದರು.

ಇಲ್ಲಿ ಹಾಗಾಗಬಾರದು. ಶ್ರೀಗಳ ಹೆಸರಲ್ಲಿ ಪ್ರತಿಮೆಯ ಮಾತು ಎಲ್ಲಿ ಎದ್ದರೂ, ಯಾವ ಪಕ್ಷದವರು ಎತ್ತಿದರೂ, ಆ ಪತ್ರವನ್ನು ಮೊದಲು ಸಭೆಯಲ್ಲಿ ಓದಬೇಕು. ಪುಣ್ಯಸ್ಮರಣೆಯ ಫ್ಲೆಕ್ಸಿನಲ್ಲಿ ಅವರ ಪಕ್ಕ ನಾಯಕರ ಮುಖಗಳು ನಿಲ್ಲುವುದನ್ನು ಊರವರೇ ತಡೆಯಬೇಕು.

ಇನ್ನೊಂದು ಮಾತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ ಕಡೆಯ ಎಷ್ಟೋ ಮನೆತನಗಳು ಹೊಲ, ಮನೆ ಕಳೆದುಕೊಂಡಿವೆ. ಅದನ್ನು ತ್ಯಾಗವೆಂದು ವೇದಿಕೆಯಲ್ಲಿ ಹೊಗಳುವ ರೂಢಿ ಇದೆ. ಅಂತೋಣಿ ತಾನಾಗಿ ಕೊಟ್ಟ, ಇವರಿಂದ ತೆಗೆದುಕೊಳ್ಳಲಾಯಿತು. ಹೊಲ ಹೋದವನಿಗೆ ತ್ಯಾಗದ ಉಪದೇಶ ಬೇಡ, ಪರಿಹಾರ ಬೇಕು. ಅದನ್ನು ಕೊಡಬೇಕಾದವರು ಸಂತರ ಹೆಸರೆತ್ತಿ ನುಣುಚಿಕೊಳ್ಳದೆ ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ಕೊಡಲಿ.